ಶ್ರಮ ಮತ್ತು ಭಾರ: ಕನ್ನಡ ನಾಡಿನ ವ್ಯಾಯಾಮಪದ್ಧತಿಯಲ್ಲಿ ಕ್ರಮವರ್ಧನದ ವಿಚಾರ

‘ಶ್ರಮ’ವೆಂಬ ಶಬ್ದಕ್ಕೆ ಇಂದಿನ ಕನ್ನಡದಲ್ಲಿ ದುಡಿಮೆ, ದಣಿವು ಎಂಬ ಅರ್ಥಗಳೇ ರೂಢವಾಗಿವೆ. ಮಧ್ಯಯುಗದ ಮಲ್ಲಶಾಸ್ತ್ರಗ್ರಂಥಗಳಲ್ಲಾದರೋ ಇದು ಪಾರಿಭಾಷಿಕ ಪದ. ಅಲ್ಲಿ ಶ್ರಮವೆಂದರೆ ವ್ಯಾಯಾಮ, ನಿಯತವಾದ ಅಭ್ಯಾಸ. ಭಾರವನ್ನೆತ್ತಿ ಮಾಡುವುದು ಭಾರಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ. ಹೀಗೆ ಗರಡಿಯ ಮಲ್ಲನೂ ಘಟ್ಟದ ದಾರಿಯಲ್ಲಿ ಮೂಟೆ ಹೊತ್ತ ಕೂಲಿಯವನೂ ಒಂದೇ ಶಬ್ದದ ನೆರಳಿನಲ್ಲಿ ನಿಂತಿದ್ದಾರೆ. ಇಬ್ಬರೂ ಭಾರವನ್ನೆತ್ತಿದವರೇ. ಆದರೆ ಒಬ್ಬನ ಭಾರವನ್ನು ನಿರ್ಣಯಿಸಿದ ಅಳತೆ ಬೇರೆ, ಮತ್ತೊಬ್ಬನದು ಬೇರೆ. ಈ ಭೇದವನ್ನು ಐತಿಹಾಸಿಕವಾಗಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯಪ್ರವೇಶಕ್ಕೆ ಮುನ್ನ ಒಂದು ಸೂತ್ರವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಧುನಿಕ ವ್ಯಾಯಾಮಶಾಸ್ತ್ರದ ಮೂಲತತ್ತ್ವಗಳಲ್ಲೊಂದನ್ನು ನಾವು ‘ಭಾರದ ಕ್ರಮವರ್ಧನ’ವೆಂದು ಕರೆಯಬಹುದು. ಸ್ನಾಯುವು ತನಗೆ ರೂಢಿಯಾದುದಕ್ಕಿಂತ ಕಿಂಚಿತ್ ಅಧಿಕವಾದ ಹೊರೆಯನ್ನು ಎದುರಿಸಿದಾಗ, ತಕ್ಕ ಆಹಾರವೂ ವಿಶ್ರಾಂತಿಯೂ ದೊರೆತರೆ, ಆ ಹೊರೆಗೆ ತಕ್ಕಂತೆ ಬಲಗೊಳ್ಳುತ್ತದೆ. ಬಲಗೊಂಡ ಮೇಲೆ ಅದೇ ಹೊರೆ ಹಗುರವೆನಿಸುತ್ತದೆ. ಅನಂತರ ಅದರಿಂದ ಹೆಚ್ಚಿನ ಲಾಭವಿಲ್ಲ. ಆದಕಾರಣ ಹೊರೆಯನ್ನು ಮತ್ತೆ ಸ್ವಲ್ಪ ಏರಿಸಬೇಕು. ಒಮ್ಮೆಲೇ ಏರಿಸಿದರೆ ಕೀಲು ಮುರಿಯುತ್ತದೆ. ಏರಿಸದೆಯೇ ಇದ್ದರೆ ದೇಹ ನಿಂತಲ್ಲಿಯೇ ನಿಲ್ಲುತ್ತದೆ. ಸಾಧಕನ ಸದ್ಯದ ಬಲವೆಷ್ಟೋ ಅದೇ ಇಲ್ಲಿ ಮಾನದಂಡವೆಂಬುದನ್ನು ವಾಚಕರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು.

ಈ ವಿಚಾರವು ನಮ್ಮ ಮನಸ್ಸಿಗೆ ಬಂದುದು ಗರಡಿಯಲ್ಲಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮೇಲ್ಭಾಗದ ಕಣಿವೆಗಳಲ್ಲಿ ಹಬ್ಬಿರುವ ಅಡಕೆಯ ಸೀಮೆ. ಶೃಂಗೇರಿ, ಹರಿಹರಪುರಗಳು ತುಂಗೆಯ ದಡದಲ್ಲಿ, ಬಾಳೆಹೊನ್ನೂರು ಭದ್ರೆಯ ದಡದಲ್ಲಿ ಇವೆ. ಇಲ್ಲಿಯ ಪ್ರಾಚೀನ ಶಾಸನಗಳನ್ನು ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ೬ನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯ ಶಾಸನಗಳೊಂದಿಗೆ, ೧೯೦೧ರಲ್ಲಿ ಪ್ರಕಟಿಸಿದರು. ಬಲವನ್ನು ಕುರಿತು ಇತಿಹಾಸ ಬರೆಯಹೊರಟವನು ಶಾಸನಗಳನ್ನೂ ವೀರಗಲ್ಲುಗಳನ್ನೂ ಮೊದಲು ನೋಡುವುದು ಸಹಜ. ನಾವೂ ಹಾಗೆಯೇ ನೋಡಿದೆವು. ಆದರೆ ವೀರಗಲ್ಲು ಕೆತ್ತುವುದು ವೀರನು ಮಡಿದ ಒಂದು ಗಳಿಗೆಯನ್ನು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ಆ ಗಳಿಗೆಗೆ ಮುಂಚೆ ಹತ್ತು ಹನ್ನೆರಡು ವರ್ಷ ಅವನು ಮಾಡಿದ ಸಾಮು ಯಾವ ಪಟ್ಟಿಕೆಯಲ್ಲಿಯೂ ಕಾಣುವುದಿಲ್ಲ. ಬಲವು ದೇವದತ್ತವೆಂಬಂತೆಯೂ, ಅದಕ್ಕೆ ಹುಟ್ಟು ಬೆಳವಣಿಗೆಗಳ ಚರಿತ್ರೆಯೇ ಇಲ್ಲವೆಂಬಂತೆಯೂ ಶಿಲ್ಪಿ ಭಾವಿಸಿದ್ದಾನೆ. ಐತಿಹ್ಯಗಳದೂ ಇದೇ ರೀತಿ. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಆ ತೋಳು ಹೇಗೆ ಸಿದ್ಧವಾಯಿತೆಂಬುದು ಕಥೆಗೆ ಬೇಡದ ವಿಷಯ.

ಸಿದ್ಧತೆಯ ಚರಿತ್ರೆಯನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕು. ಅವುಗಳಲ್ಲಿ ಕನ್ನಡ ನಾಡಿನ ಮಟ್ಟಿಗೆ ಅಗ್ರಸ್ಥಾನವು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ಕ್ಕೆ ಸಲ್ಲುತ್ತದೆ. ಕ್ರಿ. ಶ. ೧೧೩೦ರ ಆಸುಪಾಸಿನಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ಯೆಂದೂ ಹೆಸರುಂಟು, ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅರಸನ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮಲ್ಲವಿನೋದವೂ ಒಂದು. ಅಲ್ಲಿ ಸೋಮೇಶ್ವರನು ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವರ್ಗೀಕರಿಸುತ್ತಾನೆ. ಅವರಿಗೆ ಅರಸನು ಒದಗಿಸಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆಗಳ ಆಹಾರವನ್ನು ಹೇಳುತ್ತಾನೆ. ಅವರು ಅಂತಃಪುರದಿಂದ ದೂರವಿದ್ದು ದೇಹಸಾಧನೆಯಲ್ಲಿಯೇ ನಿರತರಾಗಬೇಕೆಂದು ವಿಧಿಸುತ್ತಾನೆ. ಮೇಲೆ ಹೇಳಿದ ಭಾರಶ್ರಮವೇ ಮೊದಲಾದ ಹೆಸರುಗಳು ಬರುವುದೂ ಇಲ್ಲಿಯೇ.

ಈ ಪ್ರಕರಣದಲ್ಲಿ ನಮಗೆ ಮುಖ್ಯವೆನಿಸುವುದು ವರ್ಗೀಕರಣ. ಎಳೆಯ ಮಲ್ಲನಿಗೂ ಬೆಳೆದ ಮಲ್ಲನಿಗೂ ಪ್ರತ್ಯೇಕ ಹೆಸರಿಟ್ಟು, ಬಲಕ್ಕೆ ತಕ್ಕ ಶ್ರೇಣಿಯನ್ನು ಗೊತ್ತುಮಾಡಿದವನು ಬಲವು ಬೆಳೆಯುವ ವಸ್ತುವೆಂಬುದನ್ನು ಒಪ್ಪಿದಂತಾಯಿತು. ವೀರಗಲ್ಲಿನ ಶಿಲ್ಪಿಗೆ ಬೇಡವಾದ ಕಾಲವೆಂಬ ಅಂಶವು ಇಲ್ಲಿ ಪ್ರವೇಶಿಸಿದೆ. ಹಾಗೆಂದ ಮಾತ್ರಕ್ಕೆ, ಇಂದಿನ ಭಾರವರ್ಧನಸೂತ್ರವನ್ನು ಚಾಳುಕ್ಯ ಚಕ್ರವರ್ತಿಯೇ ಕಂಡುಹಿಡಿದನೆಂದು ಸಾರುವ ಉತ್ಸಾಹ ನಮಗಿಲ್ಲ. ಪ್ರಾಚೀನ ಗ್ರಂಥದಲ್ಲಿ ಒಂದು ಶಬ್ದವನ್ನು ಕಂಡೊಡನೆ ಆಧುನಿಕ ವಿಜ್ಞಾನವೆಲ್ಲವೂ ಅದರಲ್ಲಿ ಅಡಗಿದೆಯೆನ್ನುವ ಪದ್ಧತಿಯು ಗ್ರಂಥಕ್ಕೂ ವಿಜ್ಞಾನಕ್ಕೂ ಸಮಾನವಾಗಿ ಅನ್ಯಾಯ ಮಾಡುತ್ತದೆ.

ಮಲ್ಲಶಾಸ್ತ್ರಕ್ಕಿಂತಲೂ ಪ್ರಾಚೀನವಾದ, ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಸೂಕ್ಷ್ಮವಾದ ವಿಧಿಯೊಂದು ವೈದ್ಯಶಾಸ್ತ್ರದಲ್ಲಿದೆ. ಅದೇ ‘ಅರ್ಧಬಲ’ದ ವಿಧಿ. ಹಿತವನ್ನು ಬಯಸುವವನು ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಮೀರಿದರೆ ಅದು ಕೊಲ್ಲುತ್ತದೆಯೆಂಬುದು ಸುಶ್ರುತನ ಮತ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವನ್ನೆಲ್ಲ ನೋಡಿಯೇ ವ್ಯಾಯಾಮ ಮಾಡಬೇಕೆಂದು ಅವನು ಎಚ್ಚರಿಸುತ್ತಾನೆ. ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿ ಇದಕ್ಕೆ ಋತುವಿನ ನಿಯಮವನ್ನು ಸೇರಿಸುತ್ತಾನೆ: ಬಲಶಾಲಿಯೂ ಸ್ನಿಗ್ಧಾಹಾರ ಸೇವಿಸುವವನೂ ಆದವನು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಬಲದಷ್ಟು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಮೆ. ಅತಿವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಕೆಮ್ಮು, ಜ್ವರಾದಿಗಳು ಬರುತ್ತವೆಯೆಂದು ಹೇಳಿ, ಮಿತಿಮೀರಿದವನನ್ನು ಆನೆಯನ್ನೆಳೆಯಹೋದ ಸಿಂಹಕ್ಕೆ ಹೋಲಿಸುತ್ತಾನೆ. ನಮ್ಮ ದೇವಾಲಯಗಳಲ್ಲಿ ಆನೆಯ ಮೇಲೆರಗಿದ ಸಿಂಹವನ್ನು ವಿಜಯದ ಚಿಹ್ನೆಯಾಗಿ ನೋಡಿ ಅಭ್ಯಾಸವಾದ ಕಣ್ಣಿಗೆ ವೈದ್ಯನ ಈ ಸಿಂಹವು ಸ್ವಲ್ಪ ವಿಚಿತ್ರವಾಗಿ ಕಾಣುವುದುಂಟು: ಇದು ಗೆದ್ದೂ ಸಾಯುವ ಸಿಂಹ.

ಅರ್ಧಬಲವನ್ನು ಅಳೆಯುವುದು ಹೇಗೆ? ತಕ್ಕಡಿಯಿಂದಲ್ಲ. ಹೃದಯಸ್ಥಾನದ ವಾಯುವು ಬಾಯಿಗೆ ಬಂದಾಗ, ಎಂದರೆ ಬಾಯಿಯಿಂದ ಉಸಿರಾಡುವ ಸ್ಥಿತಿ ಬಂದಾಗ, ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕು. ಹಣೆ, ಮೂಗು, ಕಂಕುಳು, ಕೈಕಾಲುಗಳ ಸಂದುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು, ಇವೂ ಅದರ ಲಕ್ಷಣಗಳು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅರ್ಧವೆಂಬುದು ಸ್ಥಿರವಾದ ತೂಕವಲ್ಲ, ಪ್ರಮಾಣ. ಅಭ್ಯಾಸದಿಂದ ಬಲವು ಹೆಚ್ಚಿದಂತೆ ಅದರ ಅರ್ಧವೂ ತಾನಾಗಿ ಹೆಚ್ಚುತ್ತದೆ. ಮೊದಲ ತಿಂಗಳು ಇಪ್ಪತ್ತು ದಂಡಕ್ಕೆ ಬೆವರಿದವನು ಆರನೆಯ ತಿಂಗಳು ಅರುವತ್ತಾದರೂ ಬೆವರದಿದ್ದರೆ, ಲಕ್ಷಣ ಕಾಣುವವರೆಗೆ ಮುಂದುವರಿಯಲು ಅವನಿಗೆ ಶಾಸ್ತ್ರದ ಅನುಮತಿಯುಂಟು. ಕ್ರಮವರ್ಧನವನ್ನು ಹೆಸರಿಸದೆಯೇ ಅದಕ್ಕೆ ಅವಕಾಶವಿತ್ತಿರುವ ವಿಧಿ ಇದು. ಭೇದವೂ ಇಲ್ಲದಿಲ್ಲ. ವೈದ್ಯನ ಉದ್ದೇಶ ಆರೋಗ್ಯ, ಆದುದರಿಂದ ಅವನು ಅರ್ಧದಲ್ಲಿ ನಿಲ್ಲಿಸುತ್ತಾನೆ. ಮಲ್ಲನ ಉದ್ದೇಶ ಜಯ, ಅವನು ಅಲ್ಲಿ ನಿಲ್ಲಲಾರ.

ವಿಜಯನಗರದ ಕಾಲಕ್ಕೆ ಬಂದರೆ ನಮಗೆ ಅಪೂರ್ವವಾದ ಪ್ರತ್ಯಕ್ಷ ಸಾಕ್ಷ್ಯವೊಂದು ದೊರೆಯುತ್ತದೆ. ಶೃಂಗೇರಿಗೂ ಈ ಸಾಮ್ರಾಜ್ಯಕ್ಕೂ ಇದ್ದ ಸಂಬಂಧವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹರಿಹರನೂ ಅವನ ಸೋದರರೂ ೧೩೪೬ರಲ್ಲಿ ಭಾರತೀತೀರ್ಥರಿಗೆ ಭೂದಾನ ಮಾಡಿದ ಶಾಸನವು ಪ್ರಸಿದ್ಧವಾಗಿದೆ. ಆ ಸಿಂಹಾಸನದಲ್ಲಿ ಮುಂದೆ ಕುಳಿತ ಕೃಷ್ಣದೇವರಾಯನ (೧೫೦೯–೧೫೨೯) ಬೆಳಗಿನ ಸಾಮನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ವರ್ಣಿಸಿದ್ದಾನೆ. ೧೫೨೦ರ ಸುಮಾರಿಗೆ ವಿಜಯನಗರದಲ್ಲಿದ್ದ ಈತನ ಬರವಣಿಗೆಯನ್ನು ಸಿವೆಲ್ ಸಾಹೇಬರು ೧೯೦೦ರಲ್ಲಿ ಇಂಗ್ಲಿಷಿಗೆ ತಂದರು. ಅದರಂತೆ ರಾಯನು ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಸೊಂಟಕ್ಕೆ ಕಿರುವಸ್ತ್ರವನ್ನು ಕಟ್ಟಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿನಲ್ಲೆತ್ತುತ್ತಿದ್ದನು. ಆಮೇಲೆ ಕತ್ತಿ ಹಿಡಿದು, ಮೈಗೆ ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ವರಿಸೆ ಮಾಡುತ್ತಿದ್ದನು. ಅನಂತರ ಜಟ್ಟಿಗಳಲ್ಲೊಬ್ಬನೊಡನೆ ಮಲ್ಲಯುದ್ಧ, ಆದಾದ ಮೇಲೆ ಬಯಲಿನಲ್ಲಿ ಕುದುರೆಯ ಓಟ, ಕಡೆಗೆ ಅಭ್ಯಂಜನ.

ಪಾಯಸನು ಆ ಭಾರಗಳ ತೂಕವನ್ನು ಹೇಳುವುದಿಲ್ಲ, ಎಷ್ಟು ಸಲ ಎತ್ತಿದನೆಂಬುದನ್ನೂ ಹೇಳುವುದಿಲ್ಲ. ಲೆಕ್ಕ ಹಿಡಿಯುವುದರಲ್ಲಿ ಅವನು ಹಿಂದೆಗೆಯುವವನಲ್ಲವೆಂಬುದಕ್ಕೆ ಸೈನ್ಯ, ಆನೆ, ಕುದುರೆಗಳ ವರ್ಣನೆಯೇ ಸಾಕ್ಷಿ. ಅವನು ಕೊಟ್ಟಿರುವ ಅಳತೆ ಬೇರೆ: ಎಣ್ಣೆ ಬೆವರಾಗಿ ಹೋಗುವವರೆಗೆ. ವ್ಯಾಯಾಮದ ಅವಧಿಯನ್ನು ನಿರ್ಣಯಿಸಿದುದು ಬೆವರೇ ಹೊರತು ಸಂಖ್ಯೆಯಲ್ಲ. ವಾಗ್ಭಟನ ಸ್ನಿಗ್ಧಾಹಾರ, ಅಭ್ಯಂಗ, ಸ್ವೇದಲಕ್ಷಣ ಈ ಮೂರನ್ನೂ ಒಂದೇ ಬೆಳಗಿನಲ್ಲಿ ಕಾಣುತ್ತೇವೆ. ಮಣ್ಣಿನ ಭಾರವೆಂಬುದೂ ವಿಚಾರಾರ್ಹ. ಕಲ್ಲನ್ನು ಬೆಳೆಸಲಾಗದು; ಮಣ್ಣಿನ ಭಾರವನ್ನು ಕುಂಬಾರನು ಬೇಕಾದ ಗಾತ್ರಕ್ಕೆ ಮಾಡಿಕೊಡಬಲ್ಲನು. ರಾಯನ ಭಾರಗಳು ವರ್ಷದಿಂದ ವರ್ಷಕ್ಕೆ ಹಿರಿದಾದುವೆಂದು ಹೇಳಲು ಆಧಾರವಿಲ್ಲವಾದರೂ, ಹಿರಿದಾಗಲು ಅಡ್ಡಿಯಿಲ್ಲದ ಸಾಧನವನ್ನು ಅವನು ಬಳಸುತ್ತಿದ್ದನೆಂಬುದು ನಿಶ್ಚಯ.

ಗರಡಿಮನೆಗೆ ಈ ಅನುಕೂಲ ಇದ್ದಿಲ್ಲ. ತಗ್ಗುಬಾಗಿಲು, ಸುಣ್ಣ ಕೆಮ್ಮಣ್ಣುಗಳ ಪಟ್ಟೆಯ ಗೋಡೆ, ಎಣ್ಣೆ ಅರಿಸಿನ ಬೆರಸಿದ ಕೆಂಪು ಮಟ್ಟಿ, ಮೂಲೆಯಲ್ಲಿ ಗದೆ, ಲೋಡು, ಗುಂಡುಕಲ್ಲು. ಹಳೆಯ ಮೈಸೂರಿನ ಗರಡಿಯನ್ನು ನೋಡಿದವರಿಗೆ ಈ ಚಿತ್ರ ಪರಿಚಿತ. ಗುಂಡುಕಲ್ಲು ಅಜ್ಜನ ಕಾಲದಲ್ಲಿ ಎಷ್ಟು ತೂಗುತ್ತಿತ್ತೋ ಮೊಮ್ಮಗನ ಕಾಲದಲ್ಲಿಯೂ ಅಷ್ಟೇ. ಬದಲಾಗದ ಭಾರದಿಂದ ಬದಲಾಗುವ ದೇಹವನ್ನು ಹೇಗೆ ಸಾಧಿಸುವುದು? ಈ ಸಮಸ್ಯೆಗೆ ಗರಡಿಯ ಉಸ್ತಾದರು ಹಲವು ಉಪಾಯಗಳನ್ನು ಕಂಡುಕೊಂಡಿದ್ದರು. ಮೊದಲನೆಯದು ಸಂಖ್ಯೆ. ದಂಡ ಮತ್ತು ಬಸ್ಕಿಗಳಲ್ಲಿ ಭಾರವೆಂದರೆ ಸ್ವಂತ ಶರೀರವೇ. ಏರಿಸಬಹುದಾದದ್ದು ಎಣಿಕೆ ಮಾತ್ರ. ಹೊಸಬನಿಗೆ ಹತ್ತು, ಪಳಗಿದವನಿಗೆ ನೂರು, ಪೈಲ್ವಾನನಿಗೆ ಸಾವಿರ. ಇದರಿಂದ ದಮ್ಮು ಬೆಳೆಯುವುದೇ ಹೆಚ್ಚು, ಶುದ್ಧ ಬಲವು ಒಂದು ಹಂತದಾಚೆಗೆ ಅಷ್ಟಾಗಿ ಬೆಳೆಯದೆಂಬುದು ಇಂದಿನ ಶಾಸ್ತ್ರದ ನಿರ್ಣಯ. ಆದರೆ ಬಹುಹೊತ್ತು ಸೆಣಸಬೇಕಾದ ಕುಸ್ತಿಗೆ ದಮ್ಮೇ ಪ್ರಾಣ. ಎರಡನೆಯದು ಸಾಧನಗಳ ಶ್ರೇಣಿ: ಚಿಕ್ಕ ಗುಂಡು, ನಡುವಣ ಗುಂಡು, ಹಿರಿಯ ಗುಂಡು. ಮೆಟ್ಟಿಲುಗಳೇನೋ ಇವೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಅಂತರ ಬಹಳ. ಮೂರನೆಯದು ಜೊತೆಗಾರ. ತನಗಿಂತ ಸ್ವಲ್ಪ ತೂಕದವನೊಡನೆ ಹುಡುಗನನ್ನು ಬಿಡುವುದು ಉಸ್ತಾದನ ವಿವೇಚನೆಗೆ ಸೇರಿದ್ದು. ಮನುಷ್ಯನಂತೆ ನುಣುಪಾಗಿ ಏರಿಳಿಯುವ ಭಾರ ಮತ್ತೊಂದಿಲ್ಲ.

ನಾಲ್ಕನೆಯ ಉಪಾಯವು ನಮಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ. ಗದೆಯ ತಲೆಯ ಸಮೀಪದಲ್ಲಿ ಹಿಡಿದು ತಿರುಗಿಸಿದರೆ ಹಗುರ. ಹಿಡಿಯನ್ನು ಕೆಳಕ್ಕೆ ಸರಿಸುತ್ತ ಹೋದಂತೆ ಅದೇ ಗದೆ ಭಾರವಾಗುತ್ತದೆ. ತಕ್ಕಡಿಯಲ್ಲಿ ಬದಲಾಗದ ತೂಕವು ಮಣಿಕಟ್ಟಿನಲ್ಲಿ ಬದಲಾಗುತ್ತದೆ. ನಾಲ್ಕು ಬೆರಳಷ್ಟು ಹಿಡಿಯನ್ನು ಸರಿಸುವುದರಿಂದ ಸಾಧ್ಯವಾಗುವ ಈ ಏರಿಕೆಯು ಕಲ್ಲಿನ ಶ್ರೇಣಿಯ ಒರಟು ಮೆಟ್ಟಿಲುಗಳ ನಡುವಣ ಅಂತರವನ್ನು ತುಂಬುತ್ತದೆ. ಸನ್ನೆಗೋಲಿನ ತತ್ತ್ವವನ್ನು ಓದದ ಉಸ್ತಾದನು ಅದನ್ನು ಶಿಷ್ಯನ ಮುಖದ ಬಣ್ಣ ನೋಡಿ ಪ್ರಯೋಗಿಸುತ್ತಿದ್ದನು.

ಗುಜರಾತಿನ ಜ್ಯೇಷ್ಠಿಮಲ್ಲರ ‘ಮಲ್ಲಪುರಾಣ’ವನ್ನು ಸಾಂಡೇಸರ ಮತ್ತು ಮೆಹತಾ ಅವರು ೧೯೬೪ರಲ್ಲಿ ಬರೋಡೆಯಿಂದ ಪ್ರಕಟಿಸಿದ ಮೇಲೆ ಈ ಪರಂಪರೆಯ ವ್ಯಾಪ್ತಿಯು ಹೆಚ್ಚು ಸ್ಪಷ್ಟವಾಯಿತು. ಅಲ್ಲಿಯೂ ಶ್ರಮವೇ ಪಾರಿಭಾಷಿಕ ಪದ. ಭಾರದ ಸಾಧನಗಳಲ್ಲಿ ಗುರು ಲಘು ಎಂಬ ಭೇದವನ್ನು ಅದು ಹೆಸರಿಟ್ಟೇ ಹೇಳುತ್ತದೆ. ಯಾವ ಋತುವಿನಲ್ಲಿ ಮಲ್ಲನು ಏನನ್ನು ಉಣ್ಣಬೇಕೆಂಬುದನ್ನೂ ವಿವರಿಸುತ್ತದೆ. ನಮ್ಮ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗವನ್ನಾಡುವುದು ಇಂದಿಗೂ ನಡೆದುಬಂದಿದೆ. ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ನಿಲ್ಲುತ್ತದೆ. ಆ ಕೆಲವೇ ಗಳಿಗೆಗಳಿಗಾಗಿ ಸಾಮು ದೀರ್ಘಕಾಲ ನಡೆದಿರುತ್ತದೆ.

ಏರುವ ಭಾರವೆಂಬ ಕಲ್ಪನೆಗೆ ಯುರೋಪಿನವರು ಕೊಡುವ ಪ್ರಾಚೀನ ನಿದರ್ಶನ ಕ್ರಿ. ಪೂ. ೬ನೆಯ ಶತಮಾನದ ಕ್ರೊಟಾನಿನ ಮೈಲೊ ಎಂಬ ಮಲ್ಲನದು. ಎಳೆಗರುವನ್ನು ಹೊತ್ತು ಅಭ್ಯಾಸಮಾಡಿದವನು ಅದು ಹೋರಿಯಾದ ಮೇಲೆಯೂ ಹೊತ್ತನೆಂಬ ಕಥೆಯನ್ನು ರೋಮಿನ ಕ್ವಿಂಟಿಲಿಯನನು ಸೂಚಿಸಿದ್ದಾನೆ. ಕಥೆ ಕಥೆಯೇ, ಮೈಲೊವಿನ ತೋಳಿಗಿಂತ ಕರು ಬೇಗ ಬೆಳೆಯುತ್ತದೆಯೆಂಬುದನ್ನು ಹಸು ಸಾಕಿದ ಯಾವ ಮಲೆನಾಡಿಗನೂ ಹೇಳಬಲ್ಲ. ಈ ಕಥೆಯ ನಿಜವಾದ ಫಲ ಇಪ್ಪತ್ತನೆಯ ಶತಮಾನದಲ್ಲಿ ಕಾಣಿಸಿತು. ಅಮೆರಿಕದ ಆ್ಯಲನ್ ಕ್ಯಾಲ್ವರ್ಟ್ ಎಂಬಾತನು ೧೯೦೨ರಲ್ಲಿ ಫಿಲಡೆಲ್ಫಿಯದಲ್ಲಿ ಸ್ಥಾಪಿಸಿದ ಬಾರ್‌ಬೆಲ್ ಕಂಪನಿಗೆ ಮೈಲೊವಿನ ಹೆಸರನ್ನೇ ಇಟ್ಟನು. ಇಂಥ ಬಾರ್‌ಬೆಲ್ಲಿನ ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬಹುದಾಗಿತ್ತು. ಕಲ್ಲು ಬೆಳೆಯುವುದಿಲ್ಲ, ಕರು ಹೇಳಿದಂತೆ ಬೆಳೆಯುವುದಿಲ್ಲ. ಕಬ್ಬಿಣವಾದರೋ ಬೇಕಾದಾಗ ಬೇಕಾದಷ್ಟು ಬೆಳೆಯುತ್ತದೆ. ವ್ಯಾಯಾಮದ ಇತಿಹಾಸದಲ್ಲಿ ಇದನ್ನು ನಾವು ತತ್ತ್ವದ ಕ್ರಾಂತಿಯೆನ್ನುವುದಕ್ಕಿಂತ ಉಪಕರಣದ ಕ್ರಾಂತಿಯೆನ್ನುವೆವು.

ಇದು ಕನ್ನಡ ನಾಡಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸ್ಯಾಂಡೊ ೧೯೦೪–೦೫ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಹೋದ ಮೇಲೆ ನಗರಗಳ ತರುಣರಲ್ಲಿ ಡಂಬೆಲ್ಲಿನ ಉತ್ಸಾಹ ಹಬ್ಬಿತು. ಬೆಂಗಳೂರಿನಲ್ಲಿ ಹರ್ಕ್ಯುಲೀಸ್ ಜಿಮ್ನೇಷಿಯಮ್ಮನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ಈ ಹೊಸ ಪದ್ಧತಿಗೆ ನಮ್ಮಲ್ಲಿ ಆಚಾರ್ಯಪುರುಷರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಅವರನ್ನು ಬಲ್ಲ ಕನ್ನಡ ವಾಚಕರಲ್ಲಿ ಅನೇಕರಿಗೆ, ೧೯೩೦ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ ಅಂಗಸಾಧಕರೂ ಅವರೇ ಎಂಬುದು ತಿಳಿಯದು. ಬಾರ್‌ಬೆಲ್, ಸೂರ್ಯನಮಸ್ಕಾರ, ಯೋಗಾಸನ ಮೂರನ್ನೂ ಅವರು ಒಂದೇ ಪದ್ಧತಿಯಲ್ಲಿ ಕೂಡಿಸಿದರು. ಅಂಚೆಯ ಮೂಲಕವೂ ಪಾಠ ಹೇಳಿದರು. ಅಂಚೆಯ ಪಾಠವು ನಮ್ಮ ವಿಚಾರಕ್ಕೆ ಸಣ್ಣ ವಿಷಯವಲ್ಲ. ಗರಡಿಯಲ್ಲಿ ಉಸ್ತಾದನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಕಾಗದವು ಮಾಡಬೇಕಾದರೆ ಬೆವರನ್ನು ಸಂಖ್ಯೆಗೆ ತರ್ಜುಮೆ ಮಾಡಲೇಬೇಕು: ಇಷ್ಟು ತೂಕ, ಇಷ್ಟು ಸಲ, ಇಷ್ಟು ವಾರ. ಗುರುವು ದೂರವಾದಂತೆ ಅಂಕಿಯು ಸಮೀಪವಾಯಿತು.

ಅಂಕಿಗೆ ಶಾಸ್ತ್ರೀಯ ಸ್ವರೂಪ ಬಂದುದು ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕಾಲು ಮುರಿದ ಸೈನಿಕರ ತೊಡೆಯ ಸ್ನಾಯುಗಳು ಸೊರಗಿಹೋಗುತ್ತಿದ್ದುವು; ಹಗುರವಾದ ವ್ಯಾಯಾಮವನ್ನು ನೂರಾರು ಸಲ ಮಾಡಿಸುವ ಅಂದಿನ ಚಿಕಿತ್ಸೆಯಿಂದ ಅವು ತ್ವರೆಯಾಗಿ ಚೇತರಿಸುತ್ತಿರಲಿಲ್ಲ. ಷಿಕಾಗ್ಗೊ ನಗರದ ಸೈನ್ಯದ ಆಸ್ಪತ್ರೆಯಲ್ಲಿದ್ದ ಥಾಮಸ್ ಡಿಲಾರ್ಮ್ ಎಂಬ ವೈದ್ಯರು ಹೆಚ್ಚು ಭಾರ, ಕಡಮೆ ಆವೃತ್ತಿ ಎಂಬ ವಿಧಾನವನ್ನು ಪ್ರಯೋಗಿಸಿ ಫಲಿತಾಂಶವನ್ನು ೧೯೪೫ರಲ್ಲಿ ಪ್ರಕಟಿಸಿದರು. ೧೯೪೮ರಲ್ಲಿ ವಾಟ್ಕಿನ್ಸ್ ಅವರೊಡನೆ ಇದನ್ನು ಪರಿಷ್ಕರಿಸಿದರು. ರೋಗಿಯು ಹತ್ತು ಸಲ ಮಾತ್ರ ಎತ್ತಬಲ್ಲ ಗರಿಷ್ಠ ಭಾರವನ್ನು ಮೊದಲು ಗೊತ್ತುಮಾಡಬೇಕು. ಅದರ ಅರ್ಧದಿಂದ ಹತ್ತು ಸಲ, ಮುಕ್ಕಾಲಿನಿಂದ ಹತ್ತು ಸಲ, ಪೂರ್ಣಭಾರದಿಂದ ಹತ್ತು ಸಲ ಎತ್ತಿಸಬೇಕು. ಬಲ ಹೆಚ್ಚಿದಂತೆ ಗರಿಷ್ಠವನ್ನು ಮತ್ತೆ ಅಳೆದು ಭಾರವನ್ನು ಏರಿಸಬೇಕು. ಇಂದಿನ ವ್ಯಾಯಾಮಶಾಲೆಗಳಲ್ಲಿ ಮೂರು ಸರದಿ, ಸರದಿಗೆ ಹತ್ತು ಎಂಬ ರೂಢಿ ಬಹುಮಟ್ಟಿಗೆ ಇದರ ಸಂತಾನ.

ವಾಗ್ಭಟನ ಅರ್ಧವನ್ನೂ ಡಿಲಾರ್ಮರ ಅರ್ಧವನ್ನೂ ಕೂಡಿಸಿ ಸಮೀಕರಣ ಮಾಡುವ ಆಸೆಯನ್ನು ನಾವು ಬಿಡಬೇಕು. ಒಬ್ಬನು ಅಳೆದುದು ಆಯಾಸವನ್ನು, ಇನ್ನೊಬ್ಬರು ಅಳೆದುದು ಭಾರವನ್ನು. ಒಬ್ಬನಿಗೆ ಅರ್ಧವು ಗಡಿ, ಇನ್ನೊಬ್ಬರಿಗೆ ಅದು ಹೊಸ್ತಿಲು. ಆದರೂ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರದ ಈ ಇಬ್ಬರು ವೈದ್ಯಪರಂಪರೆಯವರು ಒಂದು ವಿಷಯದಲ್ಲಿ ಒಮ್ಮತರು. ಭಾರವನ್ನು ನಿರ್ಣಯಿಸುವ ಮೊದಲು ಅದನ್ನು ಎತ್ತುವವನನ್ನು ನೋಡಬೇಕು.

ಈಗ ಮತ್ತೆ ಕೊಪ್ಪದ ಕಡೆಗೆ ಬರೋಣ. ಕನ್ನಡದ ವೀರಗಲ್ಲು ಶಾಸನಗಳು ಸಾಮನ್ನು ಕುರಿತು ಮೌನವಾಗಿವೆಯೆಂದೆವು. ಭಾರವನ್ನು ಕುರಿತು ನಮ್ಮ ಶಾಸನಗಳು ಮೌನವಾಗಿಲ್ಲ. ಸುಂಕದ ಶಾಸನಗಳಲ್ಲಿ ಎತ್ತಿನ ಹೇರು, ತಲೆಯ ಹೊರೆ ಎಂಬವು ಲೆಕ್ಕದ ಮಾನಗಳಾಗಿ ಬರುತ್ತವೆ: ಹೇರಿಗೆ ಇಷ್ಟು, ಹೊರೆಗೆ ಇಷ್ಟು. ದೇವಾಲಯಕ್ಕೆ ಬಿಟ್ಟ ಸುಂಕದ ಪಾಲು ಸರಿಯಾಗಿ ಸಲ್ಲಬೇಕಾದರೆ ಹೊರೆಯೆಂಬುದು ಎಲ್ಲರಿಗೂ ತಿಳಿದ, ಸುಮಾರಾಗಿ ನಿಶ್ಚಿತವಾದ ಪ್ರಮಾಣವಾಗಿರಬೇಕು. ಹೊತ್ತವನು ಹದಿನೆಂಟರ ತರುಣನಾದರೂ ಐವತ್ತರ ಮುದುಕನಾದರೂ ಹೊರೆ ಹೊರೆಯೇ. ಗರಡಿಯಲ್ಲಿ ಮನುಷ್ಯನನ್ನು ನೋಡಿ ಭಾರವನ್ನು ಗೊತ್ತುಮಾಡಿದರು. ದಾರಿಯಲ್ಲಿ ಭಾರವನ್ನು ಗೊತ್ತುಮಾಡಿ ಅದಕ್ಕೆ ಮನುಷ್ಯನನ್ನು ಹುಡುಕಿದರು. ಬಿಟ್ಟಿಯ ಕೆಲಸದಲ್ಲಿ ಹುಡುಕುವ ಕಷ್ಟವೂ ಇದ್ದಿಲ್ಲ.

ಮಲೆನಾಡಿಗರು ದುಡಿಮೆಯಿಂದಲೇ ಗಟ್ಟಿಮುಟ್ಟಾದವರು, ಅವರಿಗೆ ಗರಡಿಯ ಅಗತ್ಯವಿಲ್ಲವೆಂದು ಪಟ್ಟಣದವರು ಹೇಳುವುದನ್ನು ನಾವು ಅನೇಕ ಸಲ ಕೇಳಿದ್ದೇವೆ. ಇದು ಅರ್ಧಸತ್ಯ. ದುಡಿಮೆಯು ಆರಂಭದಲ್ಲಿ ಬಲವನ್ನು ಕೊಡುತ್ತದೆ. ದೇಹವು ಹೊರೆಗೆ ಹೊಂದಿಕೊಂಡ ಮೇಲೆ ಕೊಡುವುದನ್ನು ನಿಲ್ಲಿಸುತ್ತದೆ. ಆಹಾರ ವಿಶ್ರಾಂತಿಗಳು ಸಾಲದಿದ್ದರೆ ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳಲಾರಂಭಿಸುತ್ತದೆ. ಋತುವಿನ ವಿಷಯದಲ್ಲಂತೂ ವಿರೋಧವು ಸ್ಪಷ್ಟವಾಗಿದೆ. ಮಳೆಗಾಲದಲ್ಲಿ ಆಯಾಸವನ್ನು ವರ್ಜಿಸಬೇಕೆಂದು ವಾಗ್ಭಟನು ಋತುಚರ್ಯೆಯಲ್ಲಿ ಹೇಳುತ್ತಾನೆ. ನಮ್ಮ ಸೀಮೆಯಲ್ಲಿ ಆಷಾಢ ಶ್ರಾವಣಗಳ ಬಿಡದ ಮಳೆಯಲ್ಲಿ, ಕಂಬಳಿಕೊಪ್ಪೆಯ ಕೆಳಗೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡಬೇಕು. ಸಸಿಯು ವೈದ್ಯಶಾಸ್ತ್ರವನ್ನು ಓದಿಲ್ಲ.

ಆದರೆ ದುಡಿಮೆಯಲ್ಲಿಯೂ ಕ್ರಮವು ಇಲ್ಲದಿಲ್ಲ. ಅದು ಹಿಡಿಗೆ ಸಿಕ್ಕುವುದು ಕಸುಬಿನ ಶಿಕ್ಷಣದಲ್ಲಿ. ಕೊಪ್ಪದ ಸಮೀಪದ ಒಂದು ತೋಟದಲ್ಲಿ ಕೊನೆಕೊಯ್ಲಿನ ಕಾಲದಲ್ಲಿ ನಾವು ವಯಸ್ಸಾದ ಕೊನೆಗಾರರೊಬ್ಬರನ್ನು ಮಾತನಾಡಿಸಿದೆವು. ಅಡಕೆಯ ಮರವನ್ನು ಹತ್ತಿ, ಕೊನೆಯನ್ನು ಕೊಯ್ದು ಹಗ್ಗದಲ್ಲಿ ಇಳಿಬಿಟ್ಟು, ಮರವನ್ನು ಬಾಗಿಸಿ ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುವ ಈ ಕಸುಬಿನಲ್ಲಿ ತಪ್ಪಿಗೆ ಎರಡನೆಯ ಅವಕಾಶವಿಲ್ಲ. ಅವರು ಕಲಿತ ವರಸೆಯನ್ನು ಕೇಳಿದಾಗ ನಿಧಾನವಾಗಿ ವಿವರಿಸಿದರು. ಮೊದಲ ವರ್ಷ ನೆಲದ ಮೇಲೆ ನಿಂತು ಹಗ್ಗ ಹಿಡಿಯುವುದಷ್ಟೇ. ಆಮೇಲೆ ಕಾಲಿಗೆ ತಳೆ ಹಾಕಿಕೊಂಡು ಗಿಡ್ಡ ಮರದ ಅರ್ಧಕ್ಕೆ ಹತ್ತಿ ಇಳಿಯುವುದು. ಕತ್ತಿ ಕೊಟ್ಟುದು ಇನ್ನೂ ಆಮೇಲೆ. ಮರದಿಂದ ಮರಕ್ಕೆ ದಾಟುವುದನ್ನು ಅವರ ಮಾವನವರು ಹೇಳಿಕೊಟ್ಟುದು ಮೂರನೆಯ ಕೊಯ್ಲಿನಲ್ಲಿ. ಕೈ ನಡುಗಿದ ದಿನ ಮುಂದಿನ ಮರವಿಲ್ಲ, ಕೆಳಗಿಳಿಯಬೇಕು; ಮಾವನವರ ಕಟ್ಟಳೆ ಹಾಗಿತ್ತು. ಅರ್ಧಬಲದ ಲಕ್ಷಣವನ್ನು ಹಣೆಯ ಬೆವರಿನಲ್ಲಿ ಕಂಡ ವೈದ್ಯನಿಗೂ ಕೈಯ ನಡುಕದಲ್ಲಿ ಕಂಡ ಆ ಹಿರಿಯರಿಗೂ ನಾವು ಹೆಚ್ಚಿನ ಭೇದವನ್ನು ಕಾಣೆವು.

ಕೊಯ್ದ ಅಡಕೆಯು ತೋಟದಿಂದ ಅಂಗಳಕ್ಕೆ ಏರುವ ದಾರಿಯಲ್ಲಿ ಮಾತ್ರ ಈ ವಿವೇಕ ಕಾಣಲಿಲ್ಲ. ತೋಟಗಳು ಕಣಿವೆಯ ತಳದಲ್ಲಿ, ಮನೆಗಳು ಮೇಲೆ. ಕೊನೆಗಾರರ ಮಗನೇ ಅಂದು ಹೊರುವ ಕೆಲಸದಲ್ಲಿದ್ದನು. ಹೊರೆಯ ಗಾತ್ರವನ್ನು ಯಾರು ಗೊತ್ತುಮಾಡುತ್ತಾರೆಂದು ಕೇಳಿದುದಕ್ಕೆ ಅವನು ಬುಟ್ಟಿಯನ್ನು ತೋರಿಸಿದನು. ಬುಟ್ಟಿ ತುಂಬಿದರೆ ಹೊರೆ.

ಹೊರುವವನ ದೇಹವನ್ನು ಕಾಯಿದೆಯು ಗಮನಿಸಿದುದು ತೀರ ಈಚೆಗೆ. ಕೆಲಸಗಾರನಿಗೆ ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಅವನಿಂದ ಎತ್ತಿಸಬಾರದು, ಹೊರಿಸಬಾರದು ಎಂದು ಭಾರತದ ೧೯೪೮ರ ಕಾರ್ಖಾನೆಗಳ ಕಾಯಿದೆಯು ೩೪ನೆಯ ಪ್ರಕರಣದಲ್ಲಿ ವಿಧಿಸಿತು; ಗಂಡಸರು, ಹೆಂಗಸರು, ಎಳೆಯರಿಗೆ ಪ್ರತ್ಯೇಕವಾದ ಗರಿಷ್ಠ ಭಾರಗಳನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯಸರ್ಕಾರಗಳಿಗೆ ಕೊಟ್ಟಿತು. ಡಿಲಾರ್ಮ್ ಮತ್ತು ವಾಟ್ಕಿನ್ಸರು ತಮ್ಮ ವಿಧಾನವನ್ನು ಪರಿಷ್ಕರಿಸಿದ ವರ್ಷವೇ ಇದೂ ಎಂಬುದು ಕೇವಲ ಕಾಕತಾಳೀಯ. ೧೯೬೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೨೭ನೆಯ ಒಪ್ಪಂದದಲ್ಲಿ ಈ ವಿಷಯವನ್ನು ಪ್ರತ್ಯೇಕವಾಗಿ ಎತ್ತಿಕೊಂಡಿತು. ಅದರ ಜೊತೆಯ ಶಿಫಾರಸು ಪ್ರಾಯದ ಗಂಡಸಿಗೆ ೫೫ ಕಿಲೋಗ್ರಾಮನ್ನು ಮಿತಿಯಾಗಿ ಸೂಚಿಸಿತು. ನಮ್ಮ ಮಂಡಿಗಳಲ್ಲಿ ಹಮಾಲರು ಒಂದು ಕ್ವಿಂಟಾಲಿನ ಚೀಲವನ್ನು ಬೆನ್ನಿಗೇರಿಸುತ್ತಿದ್ದುದನ್ನು ಕಂಡವರಿಗೆ ಈ ಎರಡು ಅಂಕಿಗಳ ಅಂತರ ತಾನಾಗಿ ಅರ್ಥವಾದೀತು. ಕಾರ್ಖಾನೆಯ ಕಾಯಿದೆಯು ಕಾರ್ಖಾನೆಗೆ ಅನ್ವಯಿಸಿತೇ ಹೊರತು ತೋಟದ ಏರುದಾರಿಗೆ ಅನ್ವಯಿಸಲಿಲ್ಲ.

ನಾವು ಆ ಬುಟ್ಟಿಯನ್ನು ತೂಗಿ ನೋಡಬೇಕೆಂದುಕೊಂಡೆವು. ಅಂಗಳದಲ್ಲಿ ತಕ್ಕಡಿಯೂ ಇತ್ತು. ಅದು ಒಣಗಿಸಿದ ಅಡಕೆಯನ್ನು ತೂಗುವುದಕ್ಕಾಗಿ ಇಟ್ಟುದು. ಹಸಿ ಅಡಕೆಯ ಹೊರೆಯನ್ನು ಅದರ ಮೇಲೆ ಇಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ.